ಮೊದಲು ಫೋನ್ ಇಡದ ನಳಿನಕ್ಕ

ಬೈತಲೆಗೆ ಅಡ್ಡವಾಗಿ ಅವರಿಗೆ ಇನ್ನೊಂದು ಬೈತಲೆ ಇತ್ತು. ಒಂದು ಕಿವಿಯ ಮೇಲಿಂದ ಇನ್ನೊಂದು ಕಿವಿಯ ಮೇಲಿನವರೆಗೆ, ಬೆರಳಿನಷ್ಟು ಅಗಲ. ಬಾಚಣಿಗೆಯಿಂದ ತೆಗೆದದ್ದಲ್ಲ, ಹೆಡ್‌ಸೆಟ್ಟಿನ ಪಟ್ಟಿ ವರ್ಷಗಟ್ಟಲೆ ಅದೇ ಜಾಗದಲ್ಲಿ ಕೂತು, ಕೂದಲು ಸವೆಸಿ ಮಾಡಿದ ದಾರಿ. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದ ದಿನ ಅದು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಹಿಂದಿನಿಂದ ನೋಡಿದರೆ ಯಾರೋ ತಲೆಯ ಮೇಲೆ ಕೂಡುವ ಚಿಹ್ನೆ ಬರೆದ ಹಾಗೆ. ನನ್ನ ಮೇಜು ಅವರ ಹಿಂದಿನ ಸಾಲಿನಲ್ಲಿತ್ತು. ಹಾಗಾಗಿ ನಳಿನಕ್ಕನ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಈ ಗುರುತು.

ದುಬೈನ ಊದ್ ಮೇಥಾದಲ್ಲಿ ನಮ್ಮ ಕಚೇರಿ. ಫ್ಲ್ಯಾಟು, ವಿಲ್ಲಾಗಳ ಎ.ಸಿ., ಪೈಪು, ನಲ್ಲಿ ರಿಪೇರಿ ಮಾಡಿಕೊಡುವ ಒಂದು ಕಂಪನಿಯ ಕಾಲ್ ಸೆಂಟರು. ಬೇಸಿಗೆಯಲ್ಲಿ ಎ.ಸಿ. ಕೆಟ್ಟ ಮನೆಯವರು ಮನುಷ್ಯರ ಹಾಗೆ ಮಾತಾಡುವುದಿಲ್ಲ. ಅವರ ಕೋಪವನ್ನೆಲ್ಲ ಮೊದಲು ಕಿವಿಗೆ ತುಂಬಿಸಿಕೊಳ್ಳುವವರು ನಳಿನಕ್ಕ ಮತ್ತು ಅವರ ಸಾಲಿನವರು. ನಳಿನಕ್ಕ ಕಾರ್ಕಳದ ಕಡೆಯವರು, ಮನೆಮಾತು ತುಳು. ಹಿಂದಿ, ಇಂಗ್ಲಿಷು, ಮಲಯಾಳ ಮತ್ತು ಜಗಳ ತಣ್ಣಗಾಗಿಸುವಷ್ಟು ಅರಬ್ಬಿ ಅವರಿಗೆ ಬರುತ್ತಿತ್ತು. ವಯಸ್ಸು ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಅದರ ಕಾರಣ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಫೋನ್ ಮಾಡಿದವರಿಗೆ ಮೊದಲು ಒಂದು ಧ್ವನಿ ಕೇಳಿಸುತ್ತದೆ: ಗುಣಮಟ್ಟದ ಸಲುವಾಗಿ ಈ ಕರೆಯನ್ನು ದಾಖಲಿಸಲಾಗುತ್ತದೆ. ಆ ಗುಣಮಟ್ಟ ನಾನು. ಮೈಸೂರಿನಲ್ಲಿ ಎಂ.ಎ. ಮುಗಿಸಿ ಇಲ್ಲಿಗೆ ಬಂದ ನನಗೆ ಸಿಕ್ಕಿದ್ದು ದಾಖಲಾದ ಕರೆಗಳನ್ನು ಕೇಳಿ ಅಂಕ ಕೊಡುವ ಕೆಲಸ. ಸ್ವಾಗತಕ್ಕೆ ಇಷ್ಟು, ತಾಳ್ಮೆಗೆ ಇಷ್ಟು, ಉಚ್ಚಾರಕ್ಕೆ ಇಷ್ಟು, ಮುಕ್ತಾಯಕ್ಕೆ ಇಷ್ಟು. ನನಗೆ ಹೊಂದುವ ಕೆಲಸವೇ. ಯಾರೊಂದಿಗೂ ಮಾತಾಡಬೇಕಾಗಿರಲಿಲ್ಲ.

ಎಲ್ಲದರಲ್ಲೂ ಪೂರ್ತಿ ಅಂಕ ತೆಗೆಯುವ ನಳಿನಕ್ಕ ಮುಕ್ತಾಯದಲ್ಲಿ ಮಾತ್ರ ಸೊನ್ನೆ. ದೂರು ಬರೆದುಕೊಂಡಾದ ಮೇಲೂ ಅವರು ಫೋನ್ ಇಡುತ್ತಿರಲಿಲ್ಲ. ಆಚೆಯವರು ಇಡುವವರೆಗೆ ಕಾಯುತ್ತಿದ್ದರು. ಕೆಲವರು ಫೋನನ್ನು ಹಾಗೇ ಎಲ್ಲೋ ಇಟ್ಟು ಮರೆಯುತ್ತಿದ್ದರು. ಆಗ ಆ ಮನೆಯ ಟಿ.ವಿ., ಮಕ್ಕಳ ಗಲಾಟೆ, ಒಗ್ಗರಣೆಯ ಸದ್ದು ಎಲ್ಲವೂ ದಾಖಲೆಯಲ್ಲಿ ಕೇಳುತ್ತಿತ್ತು, ಈಚೆಯಿಂದ ನಳಿನಕ್ಕನ ಉಸಿರೊಂದೇ. ನಿಯಮದ ಪ್ರಕಾರ ನಾನು ಸೊನ್ನೆ ಹಾಕಿದೆ. ಮರುವಾರವೂ ಹಾಕಿದೆ.

ಒಂದು ಮಧ್ಯಾಹ್ನ ಅವರು ನನ್ನ ಮೇಜಿನ ಪಕ್ಕ ಬಂದು ನಿಂತರು.

"ನೀನಾ ನನಗೆ ಮಾರ್ಕು ಕೊಡುವವಳು?"

"ಹೌದು ಮೇಡಂ."

"ಮೇಡಮ್ಮಾ? ಅದು ನಾನು ದಿನಾ ಬೇರೆಯವರಿಗೆ ಹೇಳಿ ಹೇಳಿ ಸಾಯುವ ಶಬ್ದ ಮಾರಾಯ್ತಿ. ನನಗೆ ಬೇಡ. ಅಕ್ಕ ಅನ್ನು. ಎಂತಕ್ಕೆ ಸೊನ್ನೆ?"

"ಮಾತು ಮುಗಿದ ಮೇಲೂ ನೀವು ಕಟ್ ಮಾಡ್ತಿಲ್ಲ ಅಕ್ಕ. ಕ್ಯೂನಲ್ಲಿ ಬೇರೆಯವರು ಕಾಯ್ತಿರ್ತಾರೆ."

"ಅವರು ಇಡುವ ಮೊದಲು ನಾನು ಇಡುದಾ? ಅದು ಹೇಗೆ ಆಗ್ತದೆ?" ಅವರು ನಿಜವಾಗಿಯೂ ಗೊಂದಲಕ್ಕೆ ಬಿದ್ದವರಂತೆ ನನ್ನನ್ನು ನೋಡಿದರು. "ಸರಿ, ಸೊನ್ನೆ ಕೊಡು. ನಿನ್ನ ಕೆಲಸ ನೀನು ಮಾಡು. ಶನಿವಾರ ಎಂತ ಮಾಡ್ತಿ?"

ನಮ್ಮಿಬ್ಬರಿಗೂ ವಾರದ ರಜೆ ಶನಿವಾರ. "ಏನಿಲ್ಲ. ಬಟ್ಟೆ ಒಗೀತೀನಿ" ಅಂದೆ.

"ಬಟ್ಟೆ ಮೆಷಿನ್ ಒಗೀತದೆ. ನೀನು ಬಾ."

ಎಲ್ಲಿಗೆ ಎಂದು ಹೇಳಲಿಲ್ಲ. ಬರುವುದಿಲ್ಲ ಎನ್ನಲು ನಾನು ಸರಿಯಾದ ವಾಕ್ಯ ಹುಡುಕುತ್ತಿರುವಾಗಲೇ ಅವರು ತಮ್ಮ ಕುರ್ಚಿಗೆ ಹೋಗಿ ಹೆಡ್‌ಸೆಟ್ಟನ್ನು ಆ ದಾರಿಯ ಮೇಲೆ ಕೂರಿಸಿಕೊಂಡಾಗಿತ್ತು.

ಅವರ ಮನೆ ಇದ್ದದ್ದು ಕರಾಮದ ಹಳೆಯ ಕಟ್ಟಡವೊಂದರಲ್ಲಿ. ಹಂಚಿಕೊಂಡ ಫ್ಲ್ಯಾಟಿನ ಒಂದು ಕೋಣೆ. ನಾನೂ ಅಲ್ಲೇ ಎರಡು ಬೀದಿ ಆಚೆ ಅಂಥದೇ ಕೋಣೆಯಲ್ಲಿದ್ದೆ. ಶನಿವಾರ ಬಿಸಿಲು ಇಳಿಯುವ ಹೊತ್ತಿಗೆ ಅವರ ಬಣ್ಣ ಮಾಸಿದ ಕಾರು ನಮ್ಮ ಕಟ್ಟಡದ ಕೆಳಗೆ ಬಂತು. ಹಿಂದಿನ ಸೀಟಿನಲ್ಲಿ ಒಂದು ಚಾಪೆ, ಜೀರಿಗೆ ಕಷಾಯದ ಫ್ಲಾಸ್ಕು, ಹೋಟೆಲಿನಿಂದ ಕಟ್ಟಿಸಿಕೊಂಡ ಗೋಳಿಬಜೆಯ ಪೊಟ್ಟಣ. ಊರು ದಾಟಿ, ಮರಳಿನ ನಡುವೆ ನೇರ ರಸ್ತೆಯಲ್ಲಿ ಬಹಳ ಹೊತ್ತು ಹೋದೆವು. ಒಂಟೆಗಳಿವೆ ಎಂಬ ಎಚ್ಚರಿಕೆಯ ಫಲಕಗಳು, ಸೈಕಲ್ ತುಳಿಯುವವರು, ಆಮೇಲೆ ಏನೂ ಇಲ್ಲ. ದಾರಿಯುದ್ದಕ್ಕೂ ಅವರು ಮಾತಾಡಿದರು. ಕಚೇರಿ, ಮಾಲೀಕ, ಪಕ್ಕದ ಕೋಣೆಯ ಫಿಲಿಪಿನೋ ಹುಡುಗಿ ಮೀನು ಹುರಿಯುವ ರೀತಿ, ಎಲ್ಲವೂ ಬಂತು. ಕಾರು ನಿಲ್ಲಿಸಿ ಚಾಪೆ ಎತ್ತಿಕೊಂಡ ಮೇಲೆ ಒಂದೇ ಮಾತು ಹೇಳಿದರು.

"ಇನ್ನು ಮನಿಪಂದೆ ಕುಲ್ಲು." ನನಗೆ ತುಳು ಬಾರದೆಂದು ನೆನಪಾಗಿ ಸೇರಿಸಿದರು: "ಸದ್ದು ಮಾಡದೆ ಕೂತ್ಕೊ ಅಂತ. ಅವರು ಎಲ್ಲ ಮಲಗುವ ತನಕ."

ಅವರು ಅಂದರೆ ಹಕ್ಕಿಗಳು.

ಅಲ್ ಕುದ್ರಾದ ಕೆರೆಗಳು ಮರಳನ್ನು ತೋಡಿ ನೀರು ತುಂಬಿಸಿ ಮಾಡಿದವು. ಸುತ್ತ ಗಾಫ್ ಮರಗಳಿವೆ. ಅದು ನಮ್ಮ ಬನ್ನಿ ಮರವೇ. ಇಲ್ಲಿ ಅದಕ್ಕೆ ಯಾರೂ ಸುತ್ತು ಹಾಕುವುದಿಲ್ಲ, ಅದರ ನೆರಳಿನಲ್ಲಿ ಮಾಂಸ ಸುಡುತ್ತಾರೆ, ಅಷ್ಟೇ ವ್ಯತ್ಯಾಸ. ನಳಿನಕ್ಕ ಕುಟುಂಬಗಳ ಗುಂಪನ್ನೂ ಇದ್ದಿಲ ಹೊಗೆಯನ್ನೂ ದಾಟಿ, ಜೊಂಡು ಬೆಳೆದ ಒಂದು ಮೂಲೆಗೆ ಹೋಗುತ್ತಿದ್ದರು. ಅಲ್ಲಿ ಅವರದೊಂದು ಕಲ್ಲು ಇತ್ತು. ಚಪ್ಪಟೆ ಕಲ್ಲು, ಬಿಸಿಲು ಕುಡಿದು ಬೆಚ್ಚಗಿರುತ್ತಿತ್ತು. ಚಾಪೆ ನನಗೆ, ಕಲ್ಲು ಅವರಿಗೆ.

ಅಲ್ಲಿ ಸೂರ್ಯ ನೀರಿಗೆ ಇಳಿಯುವುದಿಲ್ಲ. ದಿಗಂತಕ್ಕೆ ಒಂದು ಗೇಣು ಇರುವಾಗಲೇ ದೂಳಿನಲ್ಲಿ ಮಾಸಿ, ಹಳೆಯ ತಾಮ್ರದ ತಟ್ಟೆಯಾಗಿ, ಆಮೇಲೆ ಇರುವುದಿಲ್ಲ. ಬಣ್ಣ ಬರುವುದು ಅವನು ಹೋದ ಮೇಲೆ. ಮೊದಲು ನೀರಿಗೆ, ಆಮೇಲೆ ಆಕಾಶಕ್ಕೆ. ಆ ಹೊತ್ತಿನಲ್ಲಿ ಮೆಟ್ಟುಗಾಲು ಹಕ್ಕಿಗಳು ಉದ್ದನೆಯ ಗುಲಾಬಿ ಕಾಲುಗಳನ್ನು ಒದ್ದೆಯಾಗದಂತೆ ಎತ್ತೆತ್ತಿ ಇಡುತ್ತ ಅಂಚಿನಲ್ಲಿ ನಡೆಯುತ್ತಿದ್ದವು. ಒಂದು ಬೂದು ಬಕ ಯಾರದೋ ನಿರೀಕ್ಷೆಯಲ್ಲಿರುವಂತೆ ನಿಂತೇ ಇರುತ್ತಿತ್ತು. ಗೌಜಲ ಹಕ್ಕಿಗಳು ಪೊದೆಯೊಳಗಿಂದ ಒಂದೇ ಸಮನೆ ಕೂಗಿ, ಯಾರೋ ಗದರಿದಂತೆ ಥಟ್ಟನೆ ನಿಲ್ಲಿಸುತ್ತಿದ್ದವು. ಚಳಿಗಾಲದಲ್ಲಿ ದೂರದ ನೀರಿನಲ್ಲಿ ರಾಜಹಂಸಗಳು ಒಂದು ತಿಳಿ ಗೆರೆಯಾಗಿ ಕಾಣುತ್ತಿದ್ದವು.

ನಾನು ಮೊಬೈಲಿನಲ್ಲಿ ಈ ಹೆಸರುಗಳನ್ನು ಹುಡುಕಿ ಕಲಿತೆ. ನಳಿನಕ್ಕನಿಗೆ ಹೆಸರುಗಳಲ್ಲಿ ಆಸಕ್ತಿ ಇರಲಿಲ್ಲ. ಅವರು ಹಕ್ಕಿಗಳಿಗೆ ನಮ್ಮ ಗಿರಾಕಿಗಳ ಹೆಸರಿಟ್ಟಿದ್ದರು. ಬೂದು ಬಕ 'ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಸಾರ್'. ಅಬುಧಾಬಿಯ ಆ ಗಿರಾಕಿ ಫೋನ್ ಮಾಡಿ ಏನೂ ಹೇಳದೆ ಸುಮ್ಮನಿರುತ್ತಿದ್ದನಂತೆ, ಸಮಸ್ಯೆ ಏನೆಂದು ಇವರೇ ಊಹಿಸಬೇಕು. ಮೆಟ್ಟುಗಾಲು ಹಕ್ಕಿಗಳು 'ಕಾಲು ಒದ್ದೆಯಾಯ್ತು ಪಾರ್ಟಿಗಳು'. ಎಲ್ಲಕ್ಕಿಂತ ಹೆಚ್ಚು ಪ್ರೀತಿ ಟಿಟ್ಟಿಭದ ಮೇಲೆ. ಸಂಜೆಯಾಗುತ್ತಿದ್ದಂತೆ ಅದು ತಲೆಯ ಮೇಲೆ ಹಾರುತ್ತ ಕಿರುಚಲು ಶುರುಮಾಡಿದರೆ ಎಲ್ಲ ಹಕ್ಕಿ ಮಲಗಿದರೂ ನಿಲ್ಲಿಸುತ್ತಿರಲಿಲ್ಲ. ಅದರ ಹೆಸರು 'ಮಿರ್ದಿಫ್ ಮೇಡಂ'.

ನಿಜವಾದ ಮಿರ್ದಿಫ್ ಮೇಡಂ ದುಬೈನ ಮಿರ್ದಿಫ್ ಬಡಾವಣೆಯ ಒಬ್ಬರು ವಯಸ್ಸಾದ ಅರಬ್ ಹೆಂಗಸು. ಅವರ ವಿಲ್ಲಾದ ಎ.ಸಿ.ಯಿಂದ ಯಾವಾಗಲೂ ನೀರು ತೊಟ್ಟಿಕ್ಕುತ್ತಿತ್ತು. ಎಷ್ಟು ಸಲ ರಿಪೇರಿಯವರು ಹೋಗಿ ಬಂದರೂ ದಿನ ಬಿಟ್ಟು ದಿನ ಫೋನ್ ಬರುತ್ತಿತ್ತು. ನಳಿನಕ್ಕನೇ ಬೇಕು. "ನಳಿನಿ! ವಾಟರ್ ಕಮಿಂಗ್, ವಾಟರ್ ಕಮಿಂಗ್!" ನಳಿನಕ್ಕ ಅಷ್ಟೇ ಗಂಭೀರವಾಗಿ, "ಬಕೆಟ್ ಇಟ್ಟಿದ್ದೀರಾ? ನೆಲ ಒರೆಸಿದ್ದೀರಾ? ಜಾರಿ ಬೀಳ್ಬೇಡಿ. ಮಗ ಬಂದಿದ್ದಾನಾ?" ಎಂದು ಕೇಳುತ್ತಿದ್ದರು. ಆ ಕರೆಗಳನ್ನು ಕೇಳಿ ಕೇಳಿ ನನಗೂ ಆ ಮನೆಯ ನೆಲದ ಹಾಸು ಯಾವ ಬಣ್ಣ ಎಂಬುದು ಗೊತ್ತಾಗಿತ್ತು.

ಕಡೆಯ ಹಕ್ಕಿ ಸುಮ್ಮನಾಗುವವರೆಗೆ ನಳಿನಕ್ಕ ಕಲ್ಲಿನಿಂದ ಏಳುತ್ತಿರಲಿಲ್ಲ. ಮೊದಲ ಕೆಲವು ವಾರ ನನಗೆ ಕಷ್ಟವಾಗುತ್ತಿತ್ತು. ಸೊಳ್ಳೆ, ಕತ್ತಲು, ಹಸಿವು. ಒಮ್ಮೆ ಪಿಸುಗುಟ್ಟಿದೆ: "ಅಕ್ಕ, ಸೂರ್ಯ ಹೋಗಿ ಎಷ್ಟೊತ್ತಾಯ್ತು. ಹೋಗೋಣ್ವಾ?"

"ಮಿರ್ದಿಫ್ ಮೇಡಂ ಇನ್ನೂ ಲೈನಲ್ಲಿ ಇದ್ದಾರೆ."

ವಾಪಸು ಬರುವ ದಾರಿಯಲ್ಲಿ, ಫೋನ್ ಮೊದಲು ಇಡದಿರುವುದರ ಕಾರಣ ಒಮ್ಮೆ ತಾವಾಗಿಯೇ ಹೇಳಿದರು. ಅವರು ಈ ದೇಶಕ್ಕೆ ಬಂದ ಹೊಸದರಲ್ಲಿ ಬೀದಿಯ ಬೂತಿನಿಂದ ಕಾರ್ಡು ಹಾಕಿ ಊರಿಗೆ ಮಾತಾಡಬೇಕಿತ್ತು. "ಕಾರ್ಡು ಖಾಲಿಯಾದ್ರೆ ಅಮ್ಮನ ಮಾತು ಅರ್ಧಕ್ಕೇ ತುಂಡು. ಅಮ್ಮ ಆಚೆ ಕಡೆ ಹಲೋ, ಹಲೋ ಅಂತ ಎಷ್ಟು ಹೊತ್ತು ಕೂಗಿದ್ರೋ. ಆ ಹಲೋ ನನಗೆ ಕೇಳ್ಲಿಕ್ಕೇ ಇಲ್ಲ. ಆದ್ರೆ ಈಗಲೂ ಕೇಳ್ತದೆ." ಸ್ವಲ್ಪ ದೂರ ಹೋದ ಮೇಲೆ, "ನೀನು ಅದಕ್ಕೆ ಮಾರ್ಕು ಕೊಡ್ಬೇಕಂತ ಹೇಳುದಲ್ಲ, ಆಯ್ತಾ?" ಎಂದು ನಕ್ಕರು.

ಊರಿಗೆ ಹಿಂತಿರುಗುವ ಯೋಚನೆ ಇಲ್ಲವೇ ಎಂದು ನಾನು ಕೇಳಿದ್ದು ಒಂದೇ ಸಲ. "ಅಣ್ಣನ ಮನೆ ಉಂಟು. ಒಳ್ಳೆಯವರೇ" ಎಂದರು. "ಆದ್ರೆ ಅಲ್ಲಿ ಒಬ್ಬ ಹೆಂಗಸು ಸಂಜೆ ಹೊತ್ತು ಸುಮ್ಮನೆ ಕೂತ್ರೆ ಮನೆಯವರೆಲ್ಲ ಬಂದು ಕೇಳ್ತಾರೆ, ಎಂತಾಯ್ತು, ತಲೆನೋವಾ, ಯಾರು ಎಂತ ಹೇಳಿದ್ರು ಅಂತ. ಇಲ್ಲಿ ಯಾರೂ ಕೇಳುದಿಲ್ಲ. ವೀಸಾ ಇರುವ ತನಕ ಆ ಕಲ್ಲು ನನ್ನದು. ನನಗೆ ಅಷ್ಟು ಸಾಕು."

ಅವರ ವೀಸಾ ಕೆಲಸಕ್ಕೆ ಅಂಟಿಕೊಂಡಿತ್ತು. ಕೆಲಸ ಅವರ ಗಂಟಲಿಗೆ.

ಆ ಗಂಟಲು ಕೆಡುತ್ತಿರುವುದು ಅವರಿಗಿಂತ ಮೊದಲು ನನಗೆ ಗೊತ್ತಾಯಿತು ಎನಿಸುತ್ತದೆ. ಹೆಡ್‌ಫೋನಿನಲ್ಲಿ ಕೇಳುವುದಕ್ಕೂ ಎದುರಿಗೆ ಕೇಳುವುದಕ್ಕೂ ವ್ಯತ್ಯಾಸವಿದೆ. ಮಾತಿನ ಕೊನೆಯಲ್ಲಿ ಒಣಗಿದ ತೆಂಗಿನ ಗರಿ ನೆಲದ ಮೇಲೆ ಎಳೆದಂಥ ಸದ್ದು ಸೇರಿಕೊಂಡಿತ್ತು. ಮೊದಲು ಸಂಜೆಯ ಕರೆಗಳಲ್ಲಿ ಮಾತ್ರ. ಆಮೇಲೆ ಮಧ್ಯಾಹ್ನದ ಕರೆಗಳಲ್ಲೂ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಕೆಲವು ಪದಗಳು ಪೂರ್ತಿ ಕಾಣೆಯಾಗುತ್ತಿದ್ದವು. ಬಾಯಿ ಆಡಿರಬೇಕು, ಸ್ವರ ಬಂದಿರಲಿಲ್ಲ. ಗಿರಾಕಿ "ಹಲೋ? ಹಲೋ?" ಎನ್ನುತ್ತಿದ್ದ.

ಒಬ್ಬೊಬ್ಬರ ಕೆಲವೇ ಕರೆಗಳನ್ನು ಆರಿಸಿ ಕೇಳಿದರೆ ಸಾಕಿತ್ತು. ಯಾವುದು ಎಂಬುದು ನನಗೆ ಬಿಟ್ಟದ್ದು. ನಾನು ನಳಿನಕ್ಕನ ಬೆಳಗಿನ ಕರೆಗಳನ್ನು ಆರಿಸತೊಡಗಿದೆ. ರಾತ್ರಿಯ ನಿದ್ರೆಯ ನಂತರ ಸ್ವಲ್ಪ ಹೊತ್ತು ಅವರ ಸ್ವರ ಮೊದಲಿನಂತೆಯೇ ಇರುತ್ತಿತ್ತು. ಈ ವಿಷಯ ನಾನು ಅವರಿಗೆ ಹೇಳಲಿಲ್ಲ. ಆದರೆ ಒಂದು ದಿನ ಪ್ಯಾಂಟ್ರಿಯಲ್ಲಿ ಬಿಸಿನೀರು ಹಿಡಿಯುತ್ತ, "ಈಗೀಗ ನೀನು ಬೆಳಿಗ್ಗೆ ಎದ್ದು ನನ್ನನ್ನೇ ಕೇಳ್ತಿ ಅಂತ ಕಾಣ್ತದೆ, ಸುಪ್ರಭಾತದ ಹಾಗೆ" ಎಂದರು. ನಾನು ಲೋಟ ತೊಳೆದೆ.

ಕರಾಮದ ಕ್ಲಿನಿಕ್ಕಿನ ಗಂಟಲು ಡಾಕ್ಟರು ಸ್ವರದ ತಂತಿಗಳ ಮೇಲೆ ಗಂಟುಗಳಾಗಿವೆ ಎಂದರು. ತಿಂಗಳುಗಟ್ಟಲೆ ಮಾತಾಡಬಾರದು, ಪಿಸುಮಾತೂ ಕೂಡದು. "ನಾನು ಹೇಳಿದೆ ಡಾಕ್ಟ್ರಿಗೆ," ನಳಿನಕ್ಕ ಕಾರಿನಲ್ಲಿ ಆ ಕೂಡದ ಪಿಸುಮಾತಿನಲ್ಲೇ ಹೇಳಿದರು, "ನಾನು ಬಾಯಿ ಮುಚ್ಚಿದ್ರೆ ನಿಮ್ಮ ಫೀಸು ಕಟ್ಟುವ ಇನ್ಶೂರೆನ್ಸೂ ಬಾಯಿ ಮುಚ್ತದೆ ಅಂತ."

ಅಂದಿನಿಂದ ದಾರಿಯಲ್ಲೂ ಮಾತು ನಿಂತಿತು. ಕಾರಿನಲ್ಲಿ ಕೂತ ಕ್ಷಣದಿಂದ ಕರಾಮಕ್ಕೆ ಹಿಂತಿರುಗುವವರೆಗೆ ಮೌನ. ವಾರದಲ್ಲಿ ಒಂದು ದಿನವಾದರೂ ಗಂಟಲಿಗೆ ರಜೆ ಎಂಬ ಲೆಕ್ಕ. ನನಗೆ ಮೌನ ಹೊಸದಲ್ಲ, ಆದರೆ ಅವರ ಮೌನ ಹೊಸದು. ಕಲ್ಲಿನ ಮೇಲೆ ಅವರು ಮೊದಲಿನಂತೆ ನೆಟ್ಟಗೆ ಕೂರುತ್ತಿರಲಿಲ್ಲ. ಒಂದು ಕೈ ಕುತ್ತಿಗೆಯ ಮೇಲೆ, ಮುಚ್ಚಿದ ಬಾಗಿಲ ಮೇಲೆ ಇಟ್ಟ ಹಾಗೆ. ಬಿಸಿ ಗಾಳಿ, ತಗ್ಗಿದ ನೀರು, ಬಾಯಿ ತೆರೆದು ಏದುಸಿರು ಬಿಡುವ ಹಕ್ಕಿಗಳು. ಆ ಬೇಸಿಗೆಯಲ್ಲಿ ಎಲ್ಲರೂ ದಣಿದಿದ್ದರು.

ಹೀಗೆಯೇ ಇನ್ನಷ್ಟು ದಿನ ನಡೆಯುತ್ತಿತ್ತೇನೋ. ಅಷ್ಟರಲ್ಲಿ ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂತು. ಎಲ್ಲರ ಎಲ್ಲ ಕರೆಗಳನ್ನೂ ಅದೇ ಕೇಳುತ್ತದೆ, ಅದೇ ಅಂಕ ಕೊಡುತ್ತದೆ. ಬೆಳಗು, ಸಂಜೆ ಎಂಬ ಭೇದ ಅದಕ್ಕಿಲ್ಲ. ನಳಿನಕ್ಕನ ಹೆಸರಿನ ಮುಂದೆ ಕೆಂಪು ಬಣ್ಣ ಬಂತು. ಸ್ವರ ಸ್ಪಷ್ಟವಿಲ್ಲ, ಸ್ವರ ಸ್ಪಷ್ಟವಿಲ್ಲ, ಸ್ವರ ಸ್ಪಷ್ಟವಿಲ್ಲ. ಕೇಳುವ ಕೆಲಸ ಯಂತ್ರಕ್ಕೆ ಹೋದ ಮೇಲೆ ನನ್ನನ್ನು ಫೋನಿಗೆ ಕೂರಿಸುವುದೆಂದು ತೀರ್ಮಾನವಾಯಿತು.

ನಮ್ಮ ಮ್ಯಾನೇಜರ್ ಪ್ರಕಾಶ್ ಸರ್ ಬೆಂಗಳೂರಿನವರು, ಕೆಟ್ಟವರಲ್ಲ. ಯಾರ ಪರವಾಗಿಯೂ ಯಾರ ಕೋಣೆಗೂ ಹೋಗದ ನಾನು ಆ ದಿನ ಅವರ ಕೋಣೆಗೆ ಹೋದೆ.

"ಸರ್, ನಳಿನಿಯವರನ್ನ ಚಾಟ್ ಡೆಸ್ಕಿಗೆ ಹಾಕಬಹುದಲ್ವಾ? ಅಲ್ಲಿ ಮಾತಾಡೋದಿಲ್ಲ, ಬರೆಯೋದು."

"ಟೈಪಿಂಗ್ ಬರುತ್ತಾ ಅವರಿಗೆ?"

"ಬರುತ್ತೆ ಸರ್. ನಾನು ಹೇಳ್ಕೊಡ್ತೀನಿ."

ಅವರು ಕುರ್ಚಿಯನ್ನು ಅತ್ತಿತ್ತ ತಿರುಗಿಸಿದರು. "ನೋಡಮ್ಮ, ಈ ತಿಂಗಳು ಟ್ರಯಲ್ ಕೊಡ್ತೀನಿ. ದಿನಕ್ಕಿಷ್ಟು ಚಾಟ್ ಮುಗಿಸೋ ನಂಬರ್ ಬಂದ್ರೆ ಸರಿ, ಇಲ್ಲಾಂದ್ರೆ ಮೇಲಿನವರು ನನ್ನ ಮಾತು ಕೇಳಲ್ಲ. ಆಮೇಲೆ ನನ್ನನ್ನ ಅನ್ನಬೇಡಿ."

ನಳಿನಕ್ಕ ಚಾಟಿಗೆ ಬಂದರು. ಹೆಡ್‌ಸೆಟ್ ಇಲ್ಲದ ತಲೆ ಮೊದಲ ದಿನ ಅವರಿಗೇ ಹಗುರವೆನಿಸಿ, ಆಗಾಗ ಕೈಯಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಬೇಗ ಕಲಿತರು. ಅವರ ಇಂಗ್ಲಿಷು ನನ್ನದಕ್ಕಿಂತ ಸರಳ, ಆದ್ದರಿಂದ ನನ್ನದಕ್ಕಿಂತ ಒಳ್ಳೆಯದು. ಗಿರಾಕಿಗಳು ತಕ್ಷಣ ಮೆತ್ತಗಾಗುತ್ತಿದ್ದರು. ಎಲ್ಲ ಸರಿಹೋಯಿತೆಂದು ನಾನು ಅಂದುಕೊಳ್ಳುತ್ತಿರುವಾಗ ಅವರ ಪರದೆ ತುಂಬಿಹೋಗಿರುವುದನ್ನು ನೋಡಿದೆ. ಬೆಳಗಿನಿಂದ ತೆರೆದ ಒಂದು ಚಾಟೂ ಮುಚ್ಚಿರಲಿಲ್ಲ.

ಯಾರೋ ಥ್ಯಾಂಕ್ಸ್ ಎಂದು ಬರೆದಿದ್ದರು. ಇವರು ಯು ಆರ್ ವೆಲ್ಕಮ್ ಎಂದಿದ್ದರು. ಅವರು ಬೈ ಎಂದಿದ್ದರು. ಇವರೂ ಬೈ, ಟೇಕ್ ಕೇರ್ ಎಂದಿದ್ದರು. ಅವರು ಹೆಬ್ಬೆರಳಿನ ಚಿತ್ರ ಹಾಕಿದ್ದರು. ಇವರು ಕೈ ಮುಗಿದ ಚಿತ್ರ. ಮಿರ್ದಿಫ್ ಮೇಡಂ ಮಗನಿಂದ ಚಾಟ್ ಮಾಡುವುದನ್ನು ಕಲಿತುಕೊಂಡಿದ್ದರು. ಅವರು ಒಂದು ಗುಲಾಬಿ ಹೂವು ಕಳಿಸಿದ್ದರು, ಇವರು ಒಂದು ಮಲ್ಲಿಗೆ. ಅವರು ಹೂಗುಚ್ಛ, ಇವರೂ ಹೂಗುಚ್ಛ. ನೀರಿನ ದೂರು ಬಗೆಹರಿದು ಎಷ್ಟೋ ಹೊತ್ತಾಗಿತ್ತು.

"ಅಕ್ಕ, ಓಕೆ ಅಂದ ಮೇಲೆ ಈ ಬಟನ್ ಒತ್ತಿಬಿಡಿ. ಚಾಟ್ ಮುಚ್ಚುತ್ತೆ."

ಅವರು ಪಿಸುಗುಟ್ಟಿದರು: "ಒತ್ತಿದ್ರೆ ಅವರಿಗೆ ಎಂತ ಕಾಣ್ತದೆ?"

"ಈ ಸಂಭಾಷಣೆ ಮುಗಿದಿದೆ ಅಂತ ಬರುತ್ತೆ."

"ಹಾಗೆ ಬರೆದು ತೋರಿಸುದಾ! ಮನೆಗೆ ಬಂದವರು ಚಪ್ಪಲಿ ಹಾಕುವ ಮೊದಲೇ ಬಾಗಿಲು ಹಾಕಿದ ಹಾಗೆ. ಬೇಡಪ್ಪ, ಅವರೇ ಮುಚ್ಚಲಿ."

"ಅವರ ಕಡೆ ಮುಚ್ಚೋ ಬಟನ್ ಇಲ್ಲ ಅಕ್ಕ."

ಅವರು ಪರದೆಯನ್ನೇ ನೋಡುತ್ತ ಕೂತರು. ಆಮೇಲೆ ನನ್ನನ್ನು ನೋಡಿದರು.

"ಹಾಗಾದ್ರೆ ಅವರು ಹೋಗುದು ಹೇಗೆ?"



ನಳಿನಕ್ಕ ಪ್ರಯತ್ನಪಟ್ಟರು. ಆ ಕಲ್ಲು ಉಳಿಸಿಕೊಳ್ಳಲು ಇದೊಂದು ಬಟನ್ ಒತ್ತಿದರೆ ಸಾಕೆಂದು ಅವರಿಗೂ ಗೊತ್ತಿತ್ತು. ಬೆರಳನ್ನು ಅದರ ಮೇಲೆ ತಂದು ನಿಲ್ಲಿಸುವುದನ್ನೂ, ಒತ್ತಿದ ಮೇಲೆ ಪರದೆಗೆ ಮೆಲ್ಲಗೆ "ಬೇಜಾರು ಮಾಡ್ಬೇಡಿ" ಎನ್ನುವುದನ್ನೂ ನಾನು ನೋಡಿದ್ದೇನೆ. ಕೆಲವು ದಿನ ಒತ್ತುತ್ತಿದ್ದರು. ಕೆಲವು ದಿನ ಆಗುತ್ತಿರಲಿಲ್ಲ. ತಿಂಗಳು ಮುಗಿದಾಗ ಬೇಕಾದ ನಂಬರು ಬಂದಿರಲಿಲ್ಲ. ಪ್ರಕಾಶ್ ಸರ್ ಅವರನ್ನು ಒಳಗೆ ಕರೆದರು. ಗಾಜಿನ ಆಚೆ ಸರ್ ಮಾತಾಡುತ್ತಿದ್ದುದು, ನಳಿನಕ್ಕ ತಲೆ ಆಡಿಸುತ್ತಿದ್ದುದು ಕಾಣುತ್ತಿತ್ತು. ಮಾತು ಮುಗಿದ ಮೇಲೂ ಅವರು ಎದ್ದು ಬರಲಿಲ್ಲ. ಕಡೆಗೆ ಸರ್ ತಾವೇ ಎದ್ದು ಕೋಣೆಯಿಂದ ಹೊರಗೆ ಬಂದರು.

ವೀಸಾ ರದ್ದಾಗುವುದಕ್ಕೆ ಹೆಚ್ಚು ಸಮಯ ಹಿಡಿಯಲಿಲ್ಲ. ಬೇರೆಡೆ ಒಂದೆರಡು ಕಡೆ ವಿಚಾರಿಸಿದೆ. "ಸ್ವರ ಹೋದ ಟೆಲಿಫೋನ್ ಹೆಂಗಸಿಗೆ ಯಾರು ವೀಸಾ ಕೊಡ್ತಾರೆ? ನಿನ್ನ ಕೆಲಸ ನೋಡು" ಎಂದು ನಳಿನಕ್ಕ ಮೆಸೇಜು ಹಾಕಿದರು. ಈಗ ಅವರು ಡಾಕ್ಟರ ಮಾತನ್ನು ಪೂರ್ತಿ ಪಾಲಿಸುತ್ತಿದ್ದರು. ಮಾತಾಡಬೇಕಾದ ಅಗತ್ಯವೂ ಉಳಿದಿರಲಿಲ್ಲ.

ಕಡೆಯ ಸಲ ಕೆರೆಗೆ ಹೋದದ್ದು ಅವರು ಹೊರಡುವ ದಿನವೇ, ಒಂದು ಶನಿವಾರ. ಕಾರು ಮಾರಾಟವಾಗಿತ್ತು. ಕೊಂಡ ಮಂಗಳೂರಿನ ಹುಡುಗ, "ಇವತ್ತು ರಾತ್ರಿ ಕೀ ಕೊಡಿ ಆಂಟಿ, ಅರ್ಜೆಂಟೇನಿಲ್ಲ" ಎಂದಿದ್ದನಂತೆ. ಚಳಿಗಾಲ ಕಾಲಿಡುತ್ತಿತ್ತು. ಗಾಳಿಯಲ್ಲಿ ಮೊದಲ ಸಲ ಬಿಸಿ ಇರಲಿಲ್ಲ. ದಾರಿಯಲ್ಲಿ ನಾನು ಏನಾದರೂ ಹೇಳಬೇಕೆಂದುಕೊಂಡೆ. ಇಷ್ಟು ದಿನ ಅವರೇ ಮಾತಾಡುತ್ತಿದ್ದುದರಿಂದ, ಆಮೇಲೆ ಇಬ್ಬರೂ ಸುಮ್ಮನಿದ್ದುದರಿಂದ, ಎಲ್ಲಿಂದ ಶುರುಮಾಡುವುದೆಂದು ತಿಳಿಯಲಿಲ್ಲ. ಫಲಕದ ಮೇಲಿನ ಒಂಟೆಗಳನ್ನು ನೋಡುತ್ತ ಕೂತೆ.

ಕಲ್ಲು ಬೆಚ್ಚಗಿತ್ತು. ಅವರು ನನ್ನನ್ನೂ ಅದರ ಮೇಲೆ ಕೂರುವಂತೆ ಸನ್ನೆ ಮಾಡಿ ಪಕ್ಕಕ್ಕೆ ಸರಿದರು. ಫ್ಲಾಸ್ಕಿನ ಮುಚ್ಚಳದಲ್ಲಿ ಕಷಾಯ ಹಂಚಿಕೊಂಡೆವು. ಸೂರ್ಯ ಎಂದಿನಂತೆ ಅರ್ಧದಲ್ಲೇ ಮಾಸಿಹೋದ. ನೀರಿಗೆ ಬಣ್ಣ ಬಂತು. ದೂರದಲ್ಲಿ ಆ ವರ್ಷದ ಮೊದಲ ರಾಜಹಂಸಗಳು ಬಂದಿದ್ದವು. ಬೆರಳು ಮಾಡಿ ತೋರಿಸಿದೆ. ಅವರು ಆಗಲೇ ನೋಡಿದ್ದರು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಸಾರ್ ಜೊಂಡಿನ ಅಂಚಿನಲ್ಲಿ ಮಾತಿಲ್ಲದೆ ನಿಂತಿದ್ದರು. ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಶುರುಮಾಡಿತು. ನೀರು ಬಂತು, ನೀರು ಬಂತು. ನಳಿನಕ್ಕನ ಭುಜ ನಗುವಿನಿಂದ ಅಲುಗಿದ್ದು ನನ್ನ ಭುಜಕ್ಕೆ ತಿಳಿಯಿತು.

ನಾನು ಬಹಳ ಹೊತ್ತು ಕೂರಲು ಸಿದ್ಧಳಾಗಿ, ಸೊಳ್ಳೆಗೆಂದು ದುಪಟ್ಟಾದಿಂದ ಕಾಲು ಮುಚ್ಚಿಕೊಂಡಿದ್ದೆ. ಬೆಳಕು ಇನ್ನೂ ಇತ್ತು. ಮೆಟ್ಟುಗಾಲು ಹಕ್ಕಿಗಳು ಇನ್ನೂ ನಡೆಯುತ್ತಿದ್ದವು. ಗೌಜಲಗಳು ಕೂಗುತ್ತಲೇ ಇದ್ದವು. ನಳಿನಕ್ಕ ಅಂಗೈಯನ್ನು ಕಲ್ಲಿನ ಮೇಲೆ ಒಮ್ಮೆ ಊರಿದರು. ನಂತರ ಎದ್ದರು. ಕುರ್ತಾದ ಹಿಂಭಾಗ ಕೊಡವಿಕೊಂಡು, ಫ್ಲಾಸ್ಕು ಎತ್ತಿಕೊಂಡು, ಹಿಂತಿರುಗಿ ನೋಡದೆ ಕಾರಿನ ಕಡೆಗೆ ನಡೆದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಚಾಪೆ ಸುತ್ತಿಕೊಂಡು ಎದ್ದಾಗಲೂ ಮಿರ್ದಿಫ್ ಮೇಡಂ ಲೈನಿನಲ್ಲೇ ಇದ್ದರು.

ಕರಾಮದಲ್ಲಿ ಅವರ ಕಟ್ಟಡದ ಲಿಫ್ಟಿನವರೆಗೆ ಹೋದೆ. ಏರ್‌ಪೋರ್ಟಿಗೆ ಬರುವುದು ಬೇಡವೆಂದು ಮೊದಲೇ ಬರೆದಿದ್ದರು. ಲಿಫ್ಟಿನೊಳಗೆ ನಿಂತು, ಹೆಬ್ಬೆರಳು, ಕಿರುಬೆರಳು ಚಾಚಿ ಕಿವಿಯ ಹತ್ತಿರ ಹಿಡಿದು, ಫೋನ್ ಮಾಡು ಎಂಬಂತೆ ಸನ್ನೆ ಮಾಡಿದರು. ಬಾಗಿಲು ಮುಚ್ಚಿಕೊಂಡಿತು.

ಮರುದಿನ ಭಾನುವಾರ ಬೆಳಿಗ್ಗೆ ನನ್ನ ಪಾಳಿ. ನನಗೆ ಕೊಟ್ಟ ಜಾಗ ಅವರದೇ ಸಾಲಿನಲ್ಲಿತ್ತು. ಒಂದಷ್ಟು ಕರೆಗಳಾದ ಮೇಲೆ ಆ ಸ್ವರ ಬಂತು. "ನಳಿನಿ?" ನಳಿನಿ ಊರಿಗೆ ಹೋದರು ಎಂದೆ. ಆಚೆಯಿಂದ ಸಣ್ಣದಾಗಿ, "ವಾಟರ್ ಕಮಿಂಗ್." ಬಕೆಟ್ ಇಟ್ಟಿದ್ದೀರಾ ಎಂದು ಕೇಳಿದೆ. ನೆಲ ಒರೆಸಿದ್ದೀರಾ ಎಂದೂ ಕೇಳಿದೆ. ಅವರು ಇಡುವವರೆಗೆ ಕಾದೆ.

ಬಿಡುವಿನಲ್ಲಿ ಮೆಟ್ಟಿಲ ಬಳಿ ಹೋಗಿ ನಳಿನಕ್ಕ ಕೊಟ್ಟಿದ್ದ ಊರಿನ ನಂಬರಿಗೆ ಫೋನ್ ಮಾಡಿದೆ. ಅವರ ಅಣ್ಣ ಎತ್ತಿದರು. "ಬೆಳಿಗ್ಗೆ ಮುಟ್ಟಿದ್ಲು. ಆದ್ರೆ ಅವಳು ಮಾತಾಡ್ಲಿಕ್ಕಿಲ್ಲ ಅಲ್ವಾ? ನೀವು ಹೇಳಿ, ಅವಳಿಗೆ ಕೇಳ್ತದೆ. ಕೊಡ್ತೇನೆ." ಫೋನು ಕೈ ಬದಲಾಯಿತು. ಉಸಿರು ಕೇಳಿತು. ಎಷ್ಟೋ ದಾಖಲೆಗಳ ಕೊನೆಯಲ್ಲಿ ಕೇಳಿದ ಉಸಿರು, ನನಗೆ ಗುರುತು ಸಿಕ್ಕಿತು.

"ಅಕ್ಕ, ಮಿರ್ದಿಫ್ ಮೇಡಂ ಫೋನ್ ಮಾಡಿದ್ರು" ಎಂದೆ. "ನೀರು ಬರ್ತಿದೆಯಂತೆ."

ಉಸಿರು ತುಂಡುತುಂಡಾಯಿತು. ನಗುತ್ತಿದ್ದರು. ಆಮೇಲೆ ನಾನು ಹೇಳುತ್ತ ಹೋದೆ. ಪ್ರಕಾಶ್ ಸರ್ ಬೆಳಿಗ್ಗೆ ನಿಮ್ಮ ಕುರ್ಚಿಯ ಹತ್ತಿರ ಬಂದು ಸುಮ್ಮನೆ ನಿಂತು ಹೋದರು ಎಂದೆ. ಪಕ್ಕದ ಕಟ್ಟಡದ ಎ.ಸಿ. ಡಬ್ಬದ ಮೇಲೆ ಎರಡು ಬೆಳವಗಳು ಕೂತಿವೆ, ಇವಕ್ಕೆ ಯಾರ ಹೆಸರಿಡುವುದು ಎಂದೆ. ಶನಿವಾರ ಬಸ್ಸಿನಲ್ಲಾದರೂ ಹೋಗಿ ಬರುತ್ತೇನೆ ಎಂದೆ. ನನ್ನ ಸ್ವರ ಮೆಟ್ಟಿಲಿನ ಗೋಡೆಗೆ ತಾಗಿ ನನಗೇ ವಾಪಸು ಕೇಳುತ್ತಿತ್ತು. ನಾನು ಅಷ್ಟು ಹೊತ್ತು ಮಾತಾಡಿದ ನೆನಪು ನನಗಿಲ್ಲ.

ಬಿಡುವು ಮುಗಿಯಿತು. "ಇಡ್ಲಾ ಅಕ್ಕ?" ಎಂದು ಕೇಳಿದೆ. ಆ ಕಡೆ ಒಂದು ಕಾಗೆ ಕೂಗಿತು. ಕುಕ್ಕರಿನ ಸೀಟಿ ಕೇಳಿತು. ಯಾರೋ ಹೆಂಗಸು ಹತ್ತಿರ ಬಂದು, "ಎಂತಾಯ್ತು ನಳಿನಿ, ತಲೆನೋವಾ?" ಎಂದರು. ಉಸಿರು ಅಲ್ಲೇ ಇತ್ತು.

ನಾನು ಫೋನನ್ನು ಕಟ್ ಮಾಡದೆ ಹಾಗೆಯೇ ಕುರ್ತಾದ ಜೇಬಿಗೆ ಹಾಕಿಕೊಂಡೆ. ಜಾಗಕ್ಕೆ ಬಂದು ಕೂತು ಹೆಡ್‌ಸೆಟ್ಟನ್ನು ತಲೆಯ ಮೇಲೆ ಏರಿಸಿಕೊಂಡೆ.